ಸಿದ್ದಮ್ಮನ ಹತ್ತು ಸಾಲು ಅರಿಶಿನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಬಯ್ಯುವ ಕಷ್ಟ ತಪ್ಪುತ್ತದೆ. ಒಬ್ಬ ಹೆಂಗಸಿನ ತಲೆಯ ಒಳಗನ್ನು ಹತ್ತು ಸಲ ಸ್ಕ್ಯಾನ್ ಮಾಡಿದೆವು. ಪ್ರತಿ ಸಲವೂ ಆಕೆ ಹೊರಗೆ ಬಂದ ಮೇಲೆ "ಒಳಗೆ ಮಲಗಿದ್ದಾಗ ಏನು ಮಾಡ್ತಾ ಇದ್ರಿ?" ಎಂದು ಕೇಳಿ, ಆಕೆ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಹತ್ತು ಸಲವೂ ಬರೆದೆ. ಒಂದು ಸಲವೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂದರೆ, ನನಗೆ ಎಲ್ಲರ ದನಿಯೂ ಬರುತ್ತದೆ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ 'ಊಟಿ, ಊಟಿ' ಎಂದು ಮೂಗಿನಲ್ಲಿ ಕೂಗುವ ಏಜೆಂಟು, ಚೆಂಡುಹೂವು ಕೊಳ್ಳಲು ಬಂದು ಅರ್ಧ ಮಲಯಾಳದಲ್ಲಿ ಚೌಕಾಸಿ ಮಾಡುವ ಕೇರಳದ ವ್ಯಾಪಾರಿ, ಕೋಪ ಬಂದಾಗ ಮಾತಿನ ಬದಲು ಕೆಮ್ಮುವ ನಮ್ಮಪ್ಪ, ಎಲ್ಲರನ್ನೂ ಮಾಡಬಲ್ಲೆ. ನಿನ್ನ ಸ್ವಂತ ದನಿ ಯಾವುದಪ್ಪ ಅಂದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಒಬ್ಬರ ದನಿ ಕೈಗೆ ಸಿಕ್ಕಿದ ಮೇಲೆ ಅವರ ಉತ್ತರವೂ ಸಿಕ್ಕಿದ ಹಾಗೆಯೇ ಎಂದು ಆಗ ನಂಬಿದ್ದೆ. ಇಂಥ ಪೆದ್ದ ನಂಬಿಕೆ ಇರುವವನ ಕೈಗೆ ಯಾರಾದರೂ ಪೆನ್ನು ಕೊಡುತ್ತಾರೆಯೇ? ಕೊಟ್ಟಿದ್ದರು.

ಹೋದ ವಾರ ಚಂದಕವಾಡಿಯಲ್ಲಿ ಬಸ್ಸಿಳಿದಾಗ ರಸ್ತೆ ಪಕ್ಕದಲ್ಲಿ ಅರಿಶಿನ ಬೇಯಿಸುತ್ತಿದ್ದರು. ಮಣ್ಣು, ಹೊಗೆ, ಬೆಂದ ಗೆಡ್ಡೆಯ ಘಾಟು ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಆ ವಾಸನೆಗೆ ಬೇರೆಯವರಿಗೆ ಅಡುಗೆಮನೆ ನೆನಪಾಗಬಹುದು, ಮದುವೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಎಂಆರ್‌ಐ ಮೆಷಿನ್ನು. ಅದು ಹೇಗೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಡಿಗ್ರಿ ಮುಗಿಸಿ ಮನೆಯಲ್ಲಿ ಎಲ್ಲರನ್ನೂ ಅಣಕಿಸಿಕೊಂಡು ಕೂತಿದ್ದೆ. ಆಗ ವಾಣಿ ಮೇಡಂ ಎಂಬ ಸಂಶೋಧಕಿ ಮೈಸೂರಿನಿಂದ ಬಂದು, ಚಾಮರಾಜನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಭಾನುವಾರದ ಬೆಳಗುಗಳನ್ನು ಗೊತ್ತುಮಾಡಿಕೊಂಡು ಒಂದು ಕೆಲಸ ಶುರುಮಾಡಿದರು. ಎಂಟು ಜನ ಆರೋಗ್ಯವಂತರು. ಒಬ್ಬೊಬ್ಬರನ್ನೂ ಮೂರು ವಾರಕ್ಕೊಮ್ಮೆಯಂತೆ ಹತ್ತು ಸಲ ಸ್ಕ್ಯಾನ್ ಮಾಡುವುದು. ರೋಗ ಹುಡುಕುವುದಕ್ಕಲ್ಲ. "ಸಾವಿರ ಜನರನ್ನ ಒಂದೊಂದು ಸಲ ನೋಡಿದ್ರೆ ಬಸ್‌ಸ್ಟ್ಯಾಂಡ್ ನೋಡಿದ ಹಾಗೆ. ಒಬ್ಬರನ್ನೇ ಹತ್ತು ಸಲ ನೋಡಿದ್ರೆ ಪಕ್ಕದ ಮನೆಯವರ ಹಾಗೆ. ಶೀತ ಆದಾಗ ಹೇಗಿರ್ತಾರೆ, ನಿದ್ದೆಗೆಟ್ಟಾಗ ಹೇಗಿರ್ತಾರೆ, ಆದರೂ ಬದಲಾಗದೆ ಉಳಿಯೋದು ಏನು, ಗೊತ್ತಾಗುತ್ತೆ" ಅನ್ನುತ್ತಿದ್ದರು. ಈ ಚಿತ್ರಗಳನ್ನೆಲ್ಲ ಕೊನೆಗೆ ಹೆಸರು ತೆಗೆದು, ಬರೀ ನಂಬರು ಹಾಕಿ, ಲೋಕದ ಯಾವ ಮೂಲೆಯಲ್ಲಿ ಕೂತವರು ಬೇಕಾದರೂ ತೆಗೆದು ನೋಡುವ ಹಾಗೆ ಇಡಬೇಕು. ಹಾಗೆ ನೋಡುವವರಿಗೆ ಆ ದಿನ ಇಲ್ಲಿ ಏನಾಯಿತು ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಒಂದು ನೀಲಿ ಬುಕ್ಕು, ಆ ಬುಕ್ಕಿಗೆ ನಾನು.

"ಚಿತ್ರ ತೆಗೆಯೋದು ಮೆಷಿನ್ನು, ಮಾದೇಶ. ಆ ಚಿತ್ರಕ್ಕೆ ಬಾಯಿ ನಿನ್ನ ಬುಕ್ಕು. ಆಗಬೇಕಾಗಿದ್ದನ್ನ ಬರೀಬೇಡ, ಆಗಿದ್ದನ್ನ ಬರಿ" ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಆ ಮಾತನ್ನು ಅವರ ದನಿಯಲ್ಲೇ, ಕನ್ನಡಕ ಮೇಲಕ್ಕೆ ತಳ್ಳುವುದೂ ಸೇರಿದಂತೆ, ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಮಾಡುತ್ತಿದ್ದೆ ಅಷ್ಟೇ.

ಬುಕ್ಕಿನಲ್ಲಿ ಕಾಲಂ ಬಹಳ ಇದ್ದವು. ಎಷ್ಟು ಹೊತ್ತು ನಿದ್ದೆ, ಕಾಫಿಯೋ ಟೀಯೋ, ಬಸ್ಸಲ್ಲಿ ಸೀಟು ಸಿಕ್ಕಿತೋ ನಿಂತು ಬಂದರೋ, ಮೈಯಲ್ಲಿ ನೋವಿದೆಯೋ. ಕೊನೆಯ ಕಾಲಂ, ಒಳಗೆ ಏನು ಮಾಡುತ್ತಿದ್ದರು. ಮೆಷಿನ್ನಿನೊಳಗೆ ಎಲ್ಲರಿಗೂ ಕೊಟ್ಟ ಸೂಚನೆ ಒಂದೇ: ಕಣ್ಣು ಬಿಟ್ಟುಕೊಂಡು, ಎದುರಿಗೆ ಕಾಣುವ ಗುರುತನ್ನು ನೋಡುತ್ತ, ಬೇಕೆಂದು ಏನನ್ನೂ ಯೋಚಿಸದೆ ಸುಮ್ಮನೆ ಮಲಗಿ. ಅದನ್ನು ಮೇಡಂ 'ವಿಶ್ರಾಂತಿ' ಅನ್ನುತ್ತಿದ್ದರು.

ನನಗೆ ಕೆಲಸ ಸಿಕ್ಕಿದ್ದು ಬುಕ್ಕು ಬರೆಯುವುದಕ್ಕಿಂತ ಹೆಚ್ಚಾಗಿ ಬಾಯಿಂದಲೇ. ಆ ಮೆಷಿನ್ನು ಮಾಡುವ ಸದ್ದಿಗೆ ಹೊಸಬರು ಬೆಚ್ಚುತ್ತಾರೆ. ಅದಕ್ಕೆ ಊರೂರಿಗೆ ಹೋಗಿ, ಒಂದು ಬೆಂಚಿನ ಮೇಲೆ ಬೆಡ್‌ಶೀಟು ಇಳಿಬಿಟ್ಟು, ಅದರಡಿ ಒಬ್ಬರನ್ನು ಮಲಗಿಸಿ, ಪಕ್ಕದಲ್ಲಿ ಕೂತು ನಾನೇ 'ಟಕ ಟಕ ಟಕ, ಗೊಂಯ್, ಗೊಂಯ್, ಡಬಡಬಡಬ' ಎಂದು ಮೆಷಿನ್ನಾಗುತ್ತಿದ್ದೆ. ಚಂದಕವಾಡಿಯಲ್ಲಿ ಹೀಗೆ ಮಾಡಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ಒಬ್ಬರೂ ಬರುತ್ತೇವೆ ಅನ್ನಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೇಳಿದಳು:

"ಹತ್ ಸಲವೂ ಮನಿಕಳಾದೇಯ? ಬ್ಯಾರೆ ಏನೂ ಇಲ್ವಾ?"

"ಬೇರೆ ಏನೂ ಇಲ್ಲಮ್ಮ, ಸುಮ್ನೆ ಮಲಗೋದು."

"ಹಗಲೊತ್ತಲ್ಲಿ ಹತ್ ಸಲ ಮನಿಕಂಡಿದ್ದೇ ಇಲ್ಲ ನಾನು ಹುಟ್ಟಿದ್ಮ್ಯಾಗ. ಬರ್ಕಳಪ್ಪ ನನ್ ಹೆಸ್ರ."

ಅದೇ ಸಿದ್ದಮ್ಮ. ವಯಸ್ಸು ನಲವತ್ತರ ಆಚೀಚೆ, ಬೇರೆಯವರ ಹೊಲಗಳಲ್ಲಿ ಅರಿಶಿನ ನೆಟ್ಟು, ಕಳೆ ಕಿತ್ತು, ಅಗೆದು, ಬೇಯಿಸುವ ಕೆಲಸ. ನಮ್ಮ ಬುಕ್ಕಿನಲ್ಲಿ ಆಕೆ ಆರನೇ ನಂಬರು. ನಾಲ್ಕನೆಯ ನಂಬರು ಅನ್ವರ್ ಭಾಯ್, ಚಾಮರಾಜನಗರದಲ್ಲಿ ಹಾಸಿಗೆ ಹೊಲಿಯುವವರು, ಮೆಷಿನ್ನಿನ ಮಂಚಕ್ಕೆ ಕೈಯೊತ್ತಿ ನೋಡಿ "ಇದಕ್ಕೆ ಹತ್ತಿ ಹಾಕಿದೋನು ಯಾರು ಸ್ವಾಮಿ, ಕಲ್ಲು ಕುಟ್ಟೋನಾ?" ಎಂದು ವಿಚಾರಿಸಿಕೊಂಡರು. ಆ ಕಲ್ಲಿನ ಮೇಲೇ ಮಲಗಿ ಐದು ನಿಮಿಷದಲ್ಲಿ ಗೊರಕೆ ಹೊಡೆದರು. ಮೆಷಿನ್ನಿನ ಸದ್ದನ್ನೂ ಮೀರಿ ಮೈಕಿನಲ್ಲಿ ಅದು ಕೇಳಿಸುತ್ತಿತ್ತು. ಅವರ ಕೊನೆಯ ಕಾಲಮ್ಮಿಗೆ 'ನಿದ್ದೆ' ಎಂದು ಬರೆಯಲು ಕೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಕೆಟ್ಟ ಅಭ್ಯಾಸ ಅಲ್ಲಿಂದಲೇ ಶುರುವಾಯಿತೋ ಏನೋ.

ಸಿದ್ದಮ್ಮನ ಮೊದಲ ಭಾನುವಾರ ಜೂನಿನಲ್ಲಿ. ಮಳೆ ಹಿಡಿದಿತ್ತು, ಒದ್ದೆ ಸೆರಗು ಹಿಂಡುತ್ತ ಬಂದಳು. ಮೆಷಿನ್ನು ದೊಡ್ಡ ಅಯಸ್ಕಾಂತವಾದ್ದರಿಂದ ಮೈಮೇಲೆ ಯಾವ ಲೋಹವೂ ಇರುವ ಹಾಗಿಲ್ಲ. ಹೇರ್‌ಪಿನ್ನು, ಕಾಲುಂಗುರ, ಓಲೆ ಎಲ್ಲ ಬಿಚ್ಚಿದಳು. ತಾಳಿ ಅಂದಾಗ ಮಾತ್ರ ನನ್ನ ಮುಖ ನೋಡಿದಳು. ನಾನು ಮೇಡಂ ಮುಖ ನೋಡಿದೆ. ಮೇಡಂ ಟೆಕ್ನಿಷಿಯನ್ ಮುಖ ನೋಡಿದರು. ಸಿದ್ದಮ್ಮನೇ ಸುಸ್ತಾಗಿ, "ಎಲ್ರೂ ಒಬ್ಬೊಬ್ರ ಮಕ ನೋಡ್ಕಂಡಿದ್ರೆ ಕತ್ಲಾಯ್ತದೆ. ದಾರ ಇದ್ರೆ ಕೊಡಿ" ಎಂದಳು. ಮಡಿಲಿನ ಗಂಟಿನಿಂದ ಒಂದು ಅರಿಶಿನದ ಕೊಂಬು ತೆಗೆದು, ನೂಲಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೆ ತಾಳಿ ಬಿಚ್ಚಿ ಮೇಡಂ ಕೈಗೆ ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ. ಮೇಡಂ ನನ್ನ ಕಡೆ ತಿರುಗಿ "ಇದನ್ನೂ ಬರಿ" ಅಂದರು. ಬರೆದೆ: ಕೊರಳಲ್ಲಿ ಅರಿಶಿನದ ಕೊಂಬು, ದಾರ ಹತ್ತಿಯದು. ಅಲ್ಲಿಂದ ಮುಂದೆ ಪ್ರತಿ ಸಲವೂ ಹೊಸ ಕೊಂಬು ತರುತ್ತಿದ್ದಳು. ಏಸಿ ಹಾಕಿದ ಆ ಬಿಳಿ ಕೋಣೆಗೆ ಆರನೇ ನಂಬರು ಬಂದು ಹೋದ ಮೇಲೆ ಅರ್ಧ ಗಂಟೆಯಾದರೂ ಆ ವಾಸನೆ ಬಿಡುತ್ತಿರಲಿಲ್ಲ.

ಒಳಕ್ಕೆ ಹೋದ ಒಂದೇ ನಿಮಿಷಕ್ಕೆ, ಭಯವಾದರೆ ಒತ್ತಲು ಕೈಗೆ ಕೊಡುವ ರಬ್ಬರ್ ಚೆಂಡನ್ನು ಒತ್ತಿಬಿಟ್ಟಳು. ಮೆಷಿನ್ನು ನಿಲ್ಲಿಸಿದರು. ನಾನು ಒಳಗೆ ಹೋದೆ.

"ಸುಮ್ನೆ ಮನಿಕಳಕಾಯ್ತಿಲ್ಲ ಕಣಪ್ಪ ಮಾದೇಸ. ಎದೆ ಡವಡವ ಅಂತದೆ. ನಾನ್ ಮನೆಗೋಯ್ತೀನಿ."

ಆಕೆ ಹೊರಟುಹೋದರೆ ನಮಗೆ ಎಂಟರಲ್ಲಿ ಒಬ್ಬರು ಕಡಿಮೆ. ನನಗೆ ಬರುವುದು ಒಂದೇ ವಿದ್ಯೆ. ಚಂದಕವಾಡಿಯಲ್ಲಿ ಆಕೆಯ ಕೂಲಿಗುಂಪಿನ ಮೇಸ್ತ್ರಿ ಮಾತಾಡುವುದನ್ನು ಕೇಳಿದ್ದೆ. ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡೇ ಗದರಿಸುವ ಮನುಷ್ಯ. ಕೆನ್ನೆ ಉಬ್ಬಿಸಿಕೊಂಡು ಅವನಾದೆ: "ಏನಮ್ಮೀ ಸಿದ್ದಿ, ಬಿಸ್ಲು ನೆತ್ತಿಗ್ ಬತ್ತಾ ಅದೆ. ಒಂದ್ ಸಾಲು ಅರಿಶ್ನ ಕಿತ್ತಾಕ್ಬುಡು, ಆಮ್ಯಾಕೆ ಮನೆಗೋಗು."

ಸಿದ್ದಮ್ಮ ಮಲಗಿದ ಕಡೆಯಿಂದಲೇ ನಕ್ಕಳು. "ಆ ಮುಂಡೇದು ಇಲ್ಗೂ ಬಂದ್ಬುಡ್ತಾ" ಎಂದಳು. ಮಂಚ ಒಳಕ್ಕೆ ಸರಿಯಿತು. ಮತ್ತೆ ಚೆಂಡು ಒತ್ತಲಿಲ್ಲ. ನಾನು ಕಾಲರ್ ಎತ್ತಿಕೊಂಡು ಹೊರಗೆ ಬಂದೆ, ಹೇಳಿದ್ದನ್ನು ಅಲ್ಲೇ ಮರೆತೆ. ಇನ್ನೊಬ್ಬರ ದನಿಯಲ್ಲಿ ಹೇಳಿದ್ದು ನಾನು ಹೇಳಿದ್ದು ಅಂತ ನನಗೆ ಅನ್ನಿಸುವುದೇ ಇಲ್ಲ. ಕೊನೆಯ ಕಾಲಂ ಬಂದಾಗ ನನ್ನ ಗುಂಡ್ಲುಪೇಟೆ ಬಸ್ಸಿಗೆ ಹತ್ತು ನಿಮಿಷವಿತ್ತು, ಆಕೆ ಕಾಲುಂಗುರ ಹಾಕಿಕೊಳ್ಳುತ್ತಿದ್ದಳು. ಏನು ಕೇಳುವುದು? ಮಲಗು ಅಂದೆವು, ಮಲಗಿದಳು. 'ವಿಶ್ರಾಂತಿ' ಎಂದು ಬರೆದೆ. ಮುಂದಿನ ಒಂಬತ್ತಕ್ಕೂ 'ಮೇಲಿನಂತೆ'.

ಆ ಮಳೆಗಾಲ ಹಾಗೆ ಸಾಗಿತು. ತೆರಕಣಾಂಬಿ ಮೇಲೆ ಬರುವ ಬೆಳಗಿನ ಬಸ್ಸು, ಕಿಟಕಿಯಾಚೆ ಮೊದಲು ಚೆಂಡುಹೂವಿನ ಹಳದಿ, ಆಮೇಲೆ ಬರೀ ಹಸಿರು, ಆಮೇಲೆ ಮೊಣಕಾಲುದ್ದ, ಎದೆಯುದ್ದ ಬೆಳೆದ ಅರಿಶಿನದ ಎಲೆ. ಎಂಟು ಜನವೂ ತಪ್ಪದೆ ಬರುತ್ತಿದ್ದರು. ಅನ್ವರ್ ಭಾಯ್ ಮಗಳಿಗೆ ಹೆರಿಗೆಯಾದ ವಾರ ಮೊದಲ ಸಲ ಎಚ್ಚರವಾಗಿದ್ದರು, ಹೊರಗೆ ಬಂದು ನನಗೆ ಬರ್ಫಿ ಕೊಟ್ಟು "ಬರ್ಕೋ, ಇವತ್ತು ನಾನು ಅಜ್ಜ" ಅಂದರು. ಅದನ್ನೂ ಬರೆದೆ. ಸಿದ್ದಮ್ಮ ಏಳನೆಯ ಸಲ ಬಂದಾಗ ಅದೇ ಹೊತ್ತಿನಲ್ಲಿ ಅವಳ ತಂಗಿಯ ಮನೆಯಲ್ಲಿ ಮಗುವಿಗೆ ಹೆಸರಿಡುವುದಿತ್ತು. "ನಂಗೆ ಪರೀಕ್ಸೆ ಅದೆ ಅಂತ ಯೋಳ್ಬುಟ್ ಬಂದಿವ್ನಿ. ತಂಗಿ ಮಾತು ಬುಟ್ಬುಟ್ಟವ್ಳೆ" ಎಂದಳು. ಊರಲ್ಲಿ ನೀರಿನ ಹತ್ತಿರ ಹೆಂಗಸರು "ಏನಮ್ಮಿ, ನಿನ್ ತಲೇಲಿ ಏನಾರಾ ಸಿಕ್ತಂತಾ ಅವ್ರಿಗೆ?" ಎಂದು ಆಡಿಕೊಳ್ಳುತ್ತಿದ್ದರಂತೆ. ಇವಳು "ಹತ್ತು ಮುಗೀಲಿ, ಬುಕ್ಕಲ್ಲಿ ಹಾಕ್ತಾರೆ, ಅವಾಗ್ ನೋಡ್ಕಳಿ" ಅನ್ನುತ್ತಿದ್ದಳಂತೆ. ಹತ್ತೂ ಮುಗಿಸಿದವರಿಗೆ ಅವರ ತಲೆಯ ಚಿತ್ರವನ್ನು ಪ್ರಿಂಟು ಹಾಕಿ ಕೊಡುತ್ತೇವೆ ಎಂದು ಮೇಡಂ ಹೇಳಿದ್ದರು. ಅದಕ್ಕೆಂದು ಸಿದ್ದಮ್ಮ ಆಗಲೇ ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದಳು.

ಡಿಸೆಂಬರಿನಲ್ಲಿ ಮೇಡಂ ಒಂದು ದಿನ ಕಂಪ್ಯೂಟರ್ ಮುಂದೆ ನನ್ನನ್ನು ಕರೆದರು. ಒಂಬತ್ತು ಚಿತ್ರ ಸಾಲಾಗಿ ಇಟ್ಟಿದ್ದರು. "ಎಲ್ಲರದೂ ಒಂದೊಂದು ಸಲ ಒಂದೊಂದು ಥರ. ಆರನೇ ನಂಬರ್ ನೋಡು. ಒಂಬತ್ತೂ ಎಷ್ಟು ಒಂದೇ ಥರ ಇವೆ. ಸುಮ್ನೆ ಮಲಗೋದನ್ನ ಇಷ್ಟು ಚೆನ್ನಾಗಿ ಮಾಡೋರು ಅಪರೂಪ. ನೀನು ಪ್ರತಿ ಸಲ ಸರಿಯಾಗಿ ಕೇಳಿ ಬರೆದಿದ್ದಕ್ಕೇ ಇದನ್ನ ಧೈರ್ಯವಾಗಿ ಹೇಳಬಹುದು" ಅಂದರು. ನಾನು ತಲೆ ಕೆರೆದುಕೊಂಡು ನಾಚಿಕೆಯ ನಟನೆ ಮಾಡಿದೆ. ಅಷ್ಟು ಚೆನ್ನಾಗಿ ಬಂದ ನಟನೆ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಜನವರಿಯಲ್ಲಿ ಹತ್ತನೆಯ ಸಲ. ಹೊಲಗಳಲ್ಲಿ ಅರಿಶಿನ ಕೀಳುವುದು ಶುರುವಾಗಿತ್ತು; ಸಿದ್ದಮ್ಮನ ಉಗುರುಗಳೆಲ್ಲ ಹಳದಿ. ಮೆಷಿನ್ನಿನಿಂದ ಹೊರಗೆ ಬಂದವಳು ಎದ್ದು ಕೂತು, ಸೊಂಟಕ್ಕೆ ಕೈಯಿಟ್ಟು ದೊಡ್ಡ ಉಸಿರು ಬಿಟ್ಟಳು.

"ಅಪ್ಪಾ, ಮುಗೀತು ಕಣಪ್ಪ. ಹತ್ತು ಸಾಲು."

"ಯಾವ ಹತ್ತು ಸಾಲು?"

"ಅಯ್ಯೋ, ನೀನೇ ತಾನೇ ಮೇಸ್ತ್ರಿ ಥರ ಯೋಳಿದ್ದು, ಒಂದ್ ಸಾಲು ಅರಿಶ್ನ ಕೀಳು ಅಂತವ? ಒಂದೊಂದ್ ಸಲಕ್ ಒಂದೊಂದ್ ಸಾಲು ಕಿತ್ತಿವ್ನಿ. ಅದ್ ಮಾಡ್ಕಂಡಿದ್ರೆ ಆ ಗಲಾಟೆ ಕೇಳಕಿಲ್ಲ. ಆಚೆ ಹೊಲ್ದಲ್ಲಿ ನಾಟಿ ಆಗದ್ಕಿಂತ ಮುಂಚೇನೇ ಇಲ್ಲಿ ಕೀಳಾಕ್ ಸುರುಮಾಡಿದ್ದೆ" ಎಂದು ನಕ್ಕಳು.

ನನ್ನ ಕೈಯಲ್ಲಿದ್ದ ಬುಕ್ಕಿನಲ್ಲಿ ಆಗ ತಾನೇ ಒಂಬತ್ತನೆಯ 'ಮೇಲಿನಂತೆ' ಬರೆದಿದ್ದೆ. ಇಂಕು ಒಣಗಿರಲಿಲ್ಲ. ವಿಶ್ರಾಂತಿಯ ಮಾದರಿ ಎಂದು ಮೇಡಂ ಬರೆಯಲು ಹೊರಟಿದ್ದ ಹೆಂಗಸು ಜೂನಿನಿಂದ ಜನವರಿಯವರೆಗೆ ಒಂದು ನಿಮಿಷವೂ ವಿಶ್ರಾಂತಿ ತೆಗೆದುಕೊಂಡಿರಲಿಲ್ಲ. ಚಿತ್ರಗಳು ಒಂದೇ ಥರ ಇದ್ದದ್ದು ಬಹುಶಃ ಅದಕ್ಕೇ. ಒಂದೇ ಹೊಲ, ಒಂದೇ ಗುದ್ದಲಿ.

ಎರಡು ವಾರ ಬಾಯಿ ಬಿಡಲಿಲ್ಲ. ಯಾರ ದನಿಯೂ ಹೊರಡಲಿಲ್ಲ. ಮನೆಯಲ್ಲಿ ಅಮ್ಮ "ಯಾಕ್ಲಾ, ಗಂಟಲು ಕಟ್ಕಂಡದಾ?" ಎಂದು ಮೆಣಸಿನ ಕಷಾಯ ಕಾಯಿಸಿದಳು. ಕೊನೆಗೆ ಅನ್ವರ್ ಭಾಯ್ ಅಂಗಡಿಗೆ ಹೋಗಿ ಹತ್ತಿಯ ರಾಶಿಯ ಮೇಲೆ ಕೂತು ಎಲ್ಲ ಹೇಳಿದೆ. ಅವರು ದಬ್ಬಳ ನಿಲ್ಲಿಸಲಿಲ್ಲ.

"ಮೇಡಂಗೆ ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಭಯಾನಾ?"

"ಅದೂ ಇದೆ. ಅದಕ್ಕಿಂತ ಸಿದ್ದಮ್ಮನ ಹತ್ತೂ ಸ್ಕ್ಯಾನ್ ಕಿತ್ತುಹಾಕ್ತಾರೆ ಅಂತ. ಬುಕ್ಕು ಸುಳ್ಳು ಅಂತಾದ್ರೆ ಚಿತ್ರ ಇಟ್ಕೊಂಡು ಏನ್ ಮಾಡ್ತಾರೆ? ಆ ಹೆಂಗಸು ಗೋಡೆಗೆ ಮೊಳೆ ಹೊಡೆದು ಕೂತವ್ಳೆ ಭಾಯ್."

"ಹಾಸಿಗೆ ಒಳಗೆ ಒಂದು ಸೂಜಿ ಬಿಟ್ಟುಬಿಟ್ಟೆ ಅಂತ ಇಟ್ಕೋ. ಯಾರಿಗೂ ಗೊತ್ತಿಲ್ಲ. ಹೊಲಿಗೆ ಬಿಚ್ಚಬೇಕಾ ಬೇಡ್ವಾ?"

"ಬಿಚ್ಚಬೇಕು."

"ಮತ್ತೆ ನನ್ನ ಹತ್ತಿ ಮೇಲೆ ಯಾಕೆ ಕೂತಿದೀಯ? ಏಳು."

ಮುಂದಿನ ಭಾನುವಾರ, ಚಿತ್ರ ತೆಗೆದುಕೊಂಡು ಹೋಗಲು ಸಿದ್ದಮ್ಮ ಬರುವ ದಿನ, ಬೇಗ ಹೋಗಿ ಮೇಡಂ ಎದುರು ನಿಂತೆ. ನನ್ನದೇ ದನಿಯಲ್ಲಿ ಹೇಳಿದೆ. ಅದು ನಾನು ಅಂದುಕೊಂಡದ್ದಕ್ಕಿಂತ ಸಣ್ಣದಾಗಿತ್ತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹತ್ತೂ?"

"ಹತ್ತೂ ಮೇಡಂ."

"ನೀನು ಎಲ್ಲರ ಹಾಗೆ ಮಾತಾಡ್ತೀಯ ಮಾದೇಶ. ಯಾರು ಮಾತಾಡಿದ್ದನ್ನೂ ಕೇಳಿಸ್ಕೊಳ್ಳಲ್ಲ."

ಬಯ್ದಿದ್ದರೆ ವಾಸಿಯಿತ್ತು. ಅವರು ಬುಕ್ಕು ತೆರೆದು ಆರನೇ ನಂಬರಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು. "ಉಳಿದವರದು?" ಎಂದು ಕೇಳಿದರು. ಗೊರಕೆ ಹೊಡೆದ ಅನ್ವರ್ ಭಾಯ್ ಬಿಟ್ಟರೆ ಉಳಿದವರನ್ನು ಕೇಳಿಯೇ ಬರೆದಿದ್ದೆ. ಇವರೊಬ್ಬರದೇ ಹೀಗೆ ಎಂದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಬುಕ್ಕು ಮುಚ್ಚಿ, "ಒಂದು ಕಾಲಂ ಕೇಳದೆ ತುಂಬಿದ್ದು ಅಂದಮೇಲೆ ಉಳಿದ ಕಾಲಂ ಯಾರು ನಂಬ್ತಾರೆ? ನೋಡೋರು ದೂರದಲ್ಲಿರ್ತಾರೆ, ಅವರಿಗೆ ಇರೋದು ಈ ಕಾಗದ ಒಂದೇ. ಆರನೇ ನಂಬರ್ ಬಿಟ್ಟುಬಿಡೋದೇ ಸರಿ. ಏಳು ಜನ ಸಾಕು" ಅಂದರು. ಹೇಳುವಾಗ ಅವರಿಗೂ ಸಂತೋಷವಿರಲಿಲ್ಲ.

ಬಾಗಿಲು ಪೂರ್ತಿ ಹಾಕಿರಲಿಲ್ಲ. ಆಚೆ ಬೆಂಚಿನ ಮೇಲೆ ಸಿದ್ದಮ್ಮ ಕೂತಿದ್ದಳು. ಚಿತ್ರ ಸುತ್ತಿಕೊಂಡು ಹೋಗಲು ಹೊಸ ಟವೆಲ್ಲು ತಂದಿದ್ದಳು. ಎದ್ದು ಒಳಗೆ ಬಂದು ನಿಂತಳು.

"ಬುಟ್ಬುಡೋದು ಅಂದ್ರೆ ನನ್ನಾ?"

ಮೇಡಂ ಕುರ್ಚಿ ತೋರಿಸಿ, ಕೂರಿಸಿ, ಮುಚ್ಚಿಡದೆ ಹೇಳಿದರು. ಸುಮ್ಮನೆ ಮಲಗಿ ಅಂದಿದ್ದೆವು, ನೀವು ಒಳಗೆ ಕೆಲಸ ಮಾಡುತ್ತಿದ್ದಿರಿ. ಅದು ತಪ್ಪಲ್ಲ, ಆದರೆ ಬುಕ್ಕಿನಲ್ಲಿ ಹಾಗಿಲ್ಲ. ಆಮೇಲೆ, ಹಾಳೆಯೊಂದನ್ನು ಎಳೆದುಕೊಂಡು, ನಾನು ಹತ್ತು ಸಲವೂ ಕೇಳದ ಪ್ರಶ್ನೆಯನ್ನು ಅವರು ಕೇಳಿದರು. "ಪ್ರತಿ ಸಲ ಏನು ಮಾಡಿದ್ರಿ, ನೆನಪಿದೆಯಾ?"

"ನೆಪ್ಪಿಲ್ದೆ ಏನು? ಮೊದಲ್ನೇ ಸಲ ಅರ್ಧ ಸಾಲೇಯ, ಭಯ ಆಗಿತ್ತು. ಎರಡ್ನೇ ಸಲ ಆ ಅರ್ಧ ಮುಗ್ಸಿ ಮತ್ತೊಂದು. ಮೂರ್ನೇದ್ರಲ್ಲಿ ಮಣ್ಣು ಗಟ್ಟಿ. ನಾಕ್ನೇ ಸಲ ಗುದ್ಲಿ ಕಾವು ಮುರ್ದೋಯ್ತು, ಬ್ಯಾರೆ ಕಾವು ಕೂರ್ಸಗಂಟ ಹೊತ್ತಾಯ್ತು. ಆರ್ನೇದು ಒಳ್ಳೆ ಸಾಲು, ಒಂದೊಂದ್ ಬುಡ್ದಲ್ಲೂ ಇಷ್ಟಿಷ್ಟು ಗೆಡ್ಡೆ. ಏಳ್ನೇ ಸಲ ತಂಗಿ ಮನೆ ಗ್ಯಾನ ಬತ್ತಿತ್ತು, ಆದ್ರೂ ಕಿತ್ತೆ."

ಮೇಡಂ ಬರೆಯುವುದನ್ನು ಬಿಟ್ಟು ಕಂಪ್ಯೂಟರಿನಲ್ಲಿ ನಾಲ್ಕನೆಯ ಚಿತ್ರ ತೆಗೆದರು. ಮೂಗು ತಗಲುವಷ್ಟು ಹತ್ತಿರ ಬಾಗಿ ನೋಡಿದರು. ನಾನೂ ನೋಡಿದೆ. ಸಿದ್ದಮ್ಮನೂ ನೋಡಿದಳು.

"ಗುದ್ದಲಿ ಇದರಲ್ಲಿ ಕಾಣಲ್ಲ ಸಿದ್ದಮ್ಮ" ಎಂದರು ಮೇಡಂ, ಸೋತವರ ಹಾಗೆ.

"ಹೆಂಗ್ ಕಾಣ್ತದೆ? ಅದ್ಕೇ ತಾನೇ ಬುಕ್ಕು ಮಡಗಿರಾದು."

ಮೇಡಂ ನನ್ನ ಕಡೆ ನೋಡಿದರು. ಅದು ಮೊದಲ ದಿನ ನನಗೆ ಹೇಳಿದ್ದ ಅವರದೇ ಮಾತು. ಯಾರೂ ಅವರ ದನಿ ಅನುಕರಿಸದೆ ಈಗ ಅವರಿಗೆ ವಾಪಸು ಬಂದಿತ್ತು. ಆದರೂ ಅವರು ನಿಯಮ ಬಿಡುವವರಲ್ಲ. "ಇದು ನೀವು ಈಗ ನೆನಪಿಂದ ಹೇಳಿದ್ದು. ಹತ್ತು ಕಡೆ ವಿಶ್ರಾಂತಿ ಅಂತ ತಪ್ಪು ಇದೆ. ತಪ್ಪಿರೋದನ್ನ ತೆಗೀಬೇಕಾಗುತ್ತೆ ಅಲ್ವಾ?" ಎಂದು ನಿಧಾನವಾಗಿ ಕೇಳಿದರು.

ಸಿದ್ದಮ್ಮ ಟವೆಲ್ಲನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ಬುಕ್ಕನ್ನು ನೋಡಿದಳು. ಮೇಜಿನ ಮೇಲಿದ್ದ ಪೆನ್ನನ್ನು ಹಳದಿ ಬೆರಳಲ್ಲಿ ಮೇಡಂ ಕಡೆಗೆ ತಳ್ಳಿದಳು.

"ತಪ್ಪಿರಾದು ಇವ್ನ್ ಬುಕ್ಕಲ್ಲಿ ಮೇಡಮ್ಮ, ನನ್ ತಲೇಲಲ್ಲ. ಬುಕ್ಕ ತಿದ್ಕಳಿ."